ಒಂದೇ ಕಯಾಕ್‌ನಲ್ಲಿ ಗಾಳ, ಮಕ್ಕಳು, ಸುಮ್ನೆ ಸುತ್ತಾಟ ಮೂರೂ ಆಗುತ್ತಾ?

ನೀರಿನ_ನೆಂಟ:
ಎಲ್ಲರಿಗೂ ನಮಸ್ಕಾರ. ಬಾಡಿಗೆ ಕಯಾಕ್‌ಗಳಲ್ಲಿ ಸುತ್ತಾಡಿ ರುಚಿ ಹತ್ತಿದೆ, ಈಗ ಸ್ವಂತಕ್ಕೆ ಒಂದು ತಗೋಬೇಕು. ಮನೆಯಲ್ಲಿ ನಾವು ನಾಲ್ಕು ಜನ. ನಾನು 85 ಕೇಜಿ, ಹೆಂಡತಿ 60, ಹತ್ತು ವರ್ಷದ ಮಗಳು 32, ಆರು ವರ್ಷದ ಮಗ 20. ನನಗೆ ಬೆಳಗಿನ ಜಾವ ಒಬ್ಬನೇ ಹೋಗಿ ಗಾಳ ಹಾಕಬೇಕು. ಅವಳಿಗೆ ಮೀನಿನ ಗೋಜು ಬೇಡ, ದಡದ ಗುಂಟ ಮೆಲ್ಲಗೆ ಹೋಗಿ ಹಕ್ಕಿ ನೋಡಿದರೆ ಸಾಕು. ಮಕ್ಕಳಿಗೆ ನೀರಿಗೆ ಧುಮುಕುವುದೇ ಮುಖ್ಯ, ದೋಣಿ ಒಂದು ನೆಪ.

ಹೋಗುವುದು ಹೆಚ್ಚಾಗಿ ಕೆರೆ, ಅಣೆಕಟ್ಟಿನ ಹಿನ್ನೀರು, ನಿಧಾನಕ್ಕೆ ಹರಿಯುವ ನದಿ. ಅಪರೂಪಕ್ಕೆ ಸಮುದ್ರದ ದಡ. ಅಂಗಡಿಯಲ್ಲಿ 12 ಅಡಿಯ ಪೆಡಲ್ ಇರುವ ಫಿಶಿಂಗ್ ಕಯಾಕ್ ತೋರಿಸಿ "ಇದೊಂದಿದ್ರೆ ಎಲ್ಲಾ ಆಯ್ತು" ಅಂದ್ರು. ನಿಂತುಕೊಂಡೇ ಗಾಳ ಹಾಕಬಹುದಂತೆ, ಸೀಟು ಎತ್ತರದಲ್ಲಿದೆ, ತೂಕ 45 ಕೇಜಿ. ನಿಜವಾಗಲೂ ಒಂದರಲ್ಲೇ ಮೂರೂ ಕೆಲಸ ಆಗುತ್ತಾ? ಮಾಡೆಲ್ ಹೆಸರು ಬೇಡ, ಆರಿಸುವಾಗ ಹೇಗೆ ಯೋಚನೆ ಮಾಡಬೇಕು ಅಂತ ಹೇಳಿದರೆ ಉಪಕಾರ.

ಗಾಳಗಾರ:
ಪೆಡಲ್ ತಗೊಳ್ಳಿ ಗುರು, ಯೋಚನೆಯೇ ಬೇಡ. ಎರಡೂ ಕೈ ಖಾಲಿ ಇರುವುದು ಎಷ್ಟು ದೊಡ್ಡ ವಿಷಯ ಅಂತ ಮೀನು ಕಚ್ಚಿದಾಗ ಗೊತ್ತಾಗುತ್ತೆ. ಗಾಳಿ ಬೀಸುತ್ತಿದ್ದರೂ ಕಾಲಲ್ಲಿ ತುಳಿಯುತ್ತಾ ಒಂದೇ ಜಾಗದಲ್ಲಿ ನಿಲ್ಲಬಹುದು. ಪೆಡಲ್‌ನಲ್ಲಿ ಎರಡು ಜಾತಿ ಇದೆ. ಹೋಬಿ ಕಂಪನಿ 1997ರಲ್ಲಿ ತಂದ ಮಿರಾಜ್ ಡ್ರೈವ್ ಥರದ್ದರಲ್ಲಿ ದೋಣಿಯ ಕೆಳಗೆ ಎರಡು ರೆಕ್ಕೆ ಆ ಕಡೆ ಈ ಕಡೆ ಬೀಸುತ್ತವೆ. ಇನ್ನೊಂದು ಪ್ರೊಪೆಲರ್‌ನದ್ದು, ಸೈಕಲ್ ತುಳಿದ ಹಾಗೇ ತುಳಿಯೋದು, ಹಿಂದಕ್ಕೆ ತುಳಿದರೆ ದೋಣಿಯೂ ಹಿಂದಕ್ಕೆ. ಕಳೆ ಇರುವ, ಆಳ ಕಡಿಮೆ ಇರುವ ಕಡೆ ರೆಕ್ಕೆಯನ್ನು ತಳಕ್ಕೆ ಅಂಟಿಸಿ ಮುಂದೆ ಹೋಗಬಹುದು. ಪ್ರೊಪೆಲರ್ ಆದರೆ ಮೇಲೆತ್ತಿಕೊಂಡು ಹುಟ್ಟು ಹಿಡಿಯಬೇಕು.

ಮಕ್ಕಳಮ್ಮ:
45 ಕೇಜಿ ಅನ್ನೋದು ಖಾಲಿ ಹಲ್‌ನದ್ದಾ (ಅಂದರೆ ಬರೀ ದೋಣಿಯ ಮೈ), ಸೀಟು ಪೆಡಲ್ ಎಲ್ಲಾ ಸೇರಿಸಿಯಾ? ಮೊದಲು ಅದು ಕೇಳಿ. ಬರೀ ಹಲ್‌ನ ತೂಕ ಬರೆದಿರುವುದು ಎಷ್ಟೋ ಸಲ ಇದೆ. ಆಮೇಲೆ ಇನ್ನೊಂದು ಪ್ರಶ್ನೆ. ಬೆಳಗಿನ ಜಾವ ಒಬ್ಬರೇ ಅದನ್ನು ಕಾರಿನ ಮೇಲೆ ಹೇಗೆ ಹತ್ತಿಸ್ತೀರಿ?

ನೀರಿನ_ನೆಂಟ:
ಅಂಗಡಿಗೆ ಫೋನ್ ಮಾಡಿ ಕೇಳಿದೆ. ಹೌದು, ಬರೀ ಹಲ್. ಎಲ್ಲಾ ಸೇರಿ 55 ಹತ್ತಿರ ಹೋಗುತ್ತಂತೆ. ಕಾರು ಸಣ್ಣದು, ಮೇಲೆ ಕ್ಯಾರಿಯರ್ ಕಂಬಿ ಇದೆ.

ಹಳೇ_ದೋಣಿ:
ಹಾಗಾದರೆ ಕಾರಿನ ಕೈಪಿಡಿ ತೆಗೆದು ಛಾವಣಿ ಎಷ್ಟು ಭಾರ ತಡೆಯುತ್ತೆ ಅಂತ ನೋಡಿ. ಕಾರಿಗೊಂದು ಮಿತಿ, ಕಂಬಿಗೊಂದು ಮಿತಿ ಇರುತ್ತೆ. ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಕಂಬಿಯ ತೂಕವೂ ಅದರಲ್ಲೇ ಸೇರಿತು.

ಕಯಾಕ್ ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ ಯಾವ ನೀರು ಅಂತ. ಎರಡನೆಯದು ಯಾರು ಎತ್ತೋದು ಅಂತ. ಬಣ್ಣ, ಸೀಟು, ರಾಡ್ ಇಡುವ ತೂತು ಎಲ್ಲಾ ಆಮೇಲಿನ ಮಾತು. ನನ್ನ ಗೆಳೆಯನೊಬ್ಬ ಇಂಥದ್ದೇ ಭಾರದ ಪೆಡಲ್ ಕಯಾಕ್ ತಂದ. ನೀರಲ್ಲಿ ಅದ್ಭುತ ದೋಣಿ, ಅದರ ಮೇಲೆ ಒಂದು ಮಾತಿಲ್ಲ. ಆದರೆ ಜೊತೆಗೆ ಇನ್ನೊಬ್ಬರು ಸಿಕ್ಕಿದ ದಿನ ಮಾತ್ರ ಅದು ಶೆಡ್ಡಿನಿಂದ ಹೊರಗೆ ಬರುತ್ತೆ. ಅವನ ಹೆಂಡತಿಯ 19 ಕೇಜಿಯ ಪುಟ್ಟ ಕಯಾಕ್ ಮಾತ್ರ ವಾರ ವಾರ ನೀರಿಗಿಳಿಯುತ್ತೆ. ಎತ್ತೋಕೆ ಆಗದ ದೋಣಿಯಲ್ಲಿ ಏನಿದ್ದು ಏನು ಪ್ರಯೋಜನ ಹೇಳಿ.

ಈಗ ಅಳತೆ. ಸುಮ್ನೆ ಸುತ್ತಾಡುವ ಕಯಾಕ್ ಸಾಮಾನ್ಯವಾಗಿ 9ರಿಂದ 12 ಅಡಿ ಉದ್ದ, 28ರಿಂದ 32 ಇಂಚು ಅಗಲ. ಗಾಳದವು 32ರಿಂದ 36 ಇಂಚು, ಕೆಲವು ಇನ್ನೂ ಅಗಲ. ದೂರ ಹೋಗುವ ಟೂರಿಂಗ್ ಕಯಾಕ್ 12 ಅಡಿ ದಾಟಿರುತ್ತೆ, ಅಗಲ 22ರಿಂದ 25 ಇಂಚು ಅಷ್ಟೇ. ಸಮುದ್ರದ್ದು 16, 17 ಅಡಿ. ಉದ್ದ ಜಾಸ್ತಿ ಆದಷ್ಟೂ ನೇರ ಹೋಗುತ್ತೆ, ವೇಗ ಜಾಸ್ತಿ. ಗಿಡ್ಡ ಆದಷ್ಟೂ ಬೇಗ ತಿರುಗುತ್ತೆ. ಅಗಲ ಆದಷ್ಟೂ ಕೂತಾಗ ಅಲುಗಾಡಲ್ಲ, ಆದರೆ ಪ್ರತಿ ಹುಟ್ಟಿಗೂ ಜಾಸ್ತಿ ಬಲ ಹಾಕಬೇಕು. ಇದನ್ನು ಯಾವ ಕಂಪನಿಯೂ ಮೀರೋಕೆ ಆಗಿಲ್ಲ.

ವೇಗಕ್ಕೆ ಒಂದು ಲೆಕ್ಕ ಇದೆ. ನೀರಿಗೆ ತಾಗುವ ಉದ್ದ ಅಡಿಯಲ್ಲಿ ಎಷ್ಟಿದೆಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಅಷ್ಟು ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ದಾಟಿದ ಮೇಲೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತೋಕೆ ಒದ್ದಾಡುತ್ತೆ. 9 ಅಡಿಗೆ ಸುಮಾರು 4 ನಾಟ್, 16 ಅಡಿಗೆ 5.4.

ಅಲೆ_ಮೇಲೆ:
ಸಿಟ್ ಆನ್ ಟಾಪ್ ತಗೊಳ್ಳಿ, ಅಂದರೆ ಒಳಗೆ ಅಲ್ಲ, ಮೇಲೆ ಕೂರುವಂಥದ್ದು. ಮಕ್ಕಳಿದ್ದಾರೆ ಅಂದ ಮೇಲೆ ಬೇರೆ ಚರ್ಚೆಯೇ ಇಲ್ಲ.

ಗಾಳಿ_ಎದುರು:
ಹಳೇ ದೋಣಿಯವರ ಲೆಕ್ಕ ಸರಿ, ಆದರೆ ಇವರಿಗೆ ಅದು ಅಷ್ಟು ಮುಖ್ಯ ಅಲ್ಲ. ಹಕ್ಕಿ ನೋಡುತ್ತಾ ಹೋಗುವವರು 2, 3 ನಾಟ್‌ನಲ್ಲಿ ಇರ್ತಾರೆ. ಆ ವೇಗದಲ್ಲಿ ಅಲೆಯ ಅಡ್ಡಿಗಿಂತ ನೀರು ಹಲ್‌ಗೆ ಉಜ್ಜುವ ಅಡ್ಡಿಯೇ ಜಾಸ್ತಿ. ಉದ್ದ ದೋಣಿಗೆ ನೀರು ತಾಗುವ ಮೈ ಜಾಸ್ತಿ, ಅಂದರೆ ಮೆಲ್ಲಗೆ ಹೋಗುವಾಗ ಅದು ಹಗುರ ಅನ್ನಿಸಲೇಬೇಕು ಅಂತೇನಿಲ್ಲ. "ಉದ್ದ ಇದ್ರೆ ಸಲೀಸು" ಅನ್ನೋ ಮಾತನ್ನು ಎಲ್ಲರಿಗೂ ಹೇಳಬೇಡಿ.

ಇನ್ನು ಸಿಟ್ ಆನ್ ಟಾಪ್ ಬಗ್ಗೆ. ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ ಅನ್ನೋದು ಒಪ್ಪಲ್ಲ. ಹಕ್ಕಿ ನೋಡುವವರಿಗೆ ಒಳಗೆ ಕೂರುವ ಕಯಾಕ್ ಎಷ್ಟೋ ಚೆನ್ನ. ಕೂರುವ ಮಟ್ಟ ಕೆಳಗಿರುತ್ತೆ, ಕಡಿಮೆ ಅಗಲದಲ್ಲೇ ಸ್ಥಿರವಾಗಿರುತ್ತೆ, ಗಾಳಿಗೆ ಕಡಿಮೆ ಸಿಗುತ್ತೆ. ಕಾಲು ನೆನೆಯಲ್ಲ, ದುರ್ಬೀನು ಒದ್ದೆಯಾಗಲ್ಲ. ನೀರು ತಣ್ಣಗಿರುವ ಕಡೆ ಇದು ದೊಡ್ಡ ವಿಷಯ.

ಅಲೆ_ಮೇಲೆ:
ಮಗುಚಿದಾಗ? ಒಳಗೆ ನೀರು ತುಂಬಿದ ಕಯಾಕ್‌ ಅನ್ನು ಕೆರೆ ಮಧ್ಯದಲ್ಲಿ ಖಾಲಿ ಮಾಡಿ ಮತ್ತೆ ಹತ್ತೋದು ಹೊಸಬರಿಗೆ ಆಗುವ ಕೆಲಸವಾ? ಸಿಟ್ ಆನ್ ಟಾಪ್ ಅಂದರೆ ಮುಚ್ಚಿದ ಡಬ್ಬ. ನೀರು ಸ್ಕಪ್ಪರ್ ತೂತಲ್ಲಿ ತಾನೇ ಇಳಿದು ಹೋಗುತ್ತೆ. ದೋಣಿ ತಿರುವಿ ಹಾಕು, ಕಾಲು ಬಡಿದು ಹೊಟ್ಟೆ ಮೇಲೆ ಹತ್ತು, ಮಗ್ಗುಲಾಗು, ಕೂತುಕೋ. ಆರು ವರ್ಷದ ಮಗ ದಿನಕ್ಕೆ ಎಷ್ಟು ಸಲ ಬಿದ್ದು ಹತ್ತಿದರೂ ತೊಂದರೆ ಇಲ್ಲ.

ಗಾಳಿ_ಎದುರು:
ಮುಚ್ಚಿದ ಡಬ್ಬಕ್ಕೂ ಬಿರುಕು ಬಿಡುತ್ತೆ, ಮುಚ್ಚಳ ಸಡಿಲ ಆಗುತ್ತೆ. ಒಳಗೆ ನೀರು ಸೇರುತ್ತಿರುವುದು ಮೇಲೆ ಕೂತವರಿಗೆ ಗೊತ್ತೇ ಆಗಲ್ಲ, ಅದು ಅಪಾಯ. ಒಳಗೆ ಕೂರುವುದರಲ್ಲಿ ಕಣ್ಣಿಗೆ ಕಾಣುತ್ತೆ. ಆದರೆ ನೀವು ಹೇಳಿದ್ದರಲ್ಲಿ ಒಂದು ಸತ್ಯ ಇದೆ. ಅಗ್ಗದ ರಿಕ್ರಿಯೇಷನಲ್ ಕಯಾಕ್‌ಗಳಲ್ಲಿ ನೀರು ತುದಿಗೆ ನುಗ್ಗದ ಹಾಗೆ ತಡೆಯುವ ಬಲ್ಕ್‌ಹೆಡ್ ಗೋಡೆ ಹಿಂದೆ ಒಂದೇ ಇರುತ್ತೆ, ಕೆಲವಕ್ಕೆ ಅದೂ ಇಲ್ಲ. ಗೋಡೆ ಇಲ್ಲದ ತುದಿಯಲ್ಲಿ ಗಾಳಿ ತುಂಬಿದ ಫ್ಲೋಟ್ ಬ್ಯಾಗ್ ತುರುಕಲೇಬೇಕು. ಇಲ್ಲದಿದ್ದರೆ ಮಗುಚಿದಾಗ ಆ ತುದಿ ನೀರೊಳಗೆ ಇಳಿಯುತ್ತೆ. ಜೊತೆಗೆ ಕೈಪಂಪು ಬೇಕು. ಇದನ್ನು ಅಂಗಡಿಯವರು ಹೇಳಲ್ಲ, ಅದೇ ಬೇಜಾರು.

ಹೊಸಬ_ನಾನು:
ಅಂಗಡಿಯಲ್ಲಿ ಒಂದನ್ನು ಅಲುಗಾಡಿಸಿ ನೋಡಿದ್ರೆ "ಗಟ್ಟಿ ಕೂರುತ್ತೆ" ಅಂತ ಗೊತ್ತಾಗುತ್ತಾ? ತಳ ಚಪ್ಪಟೆ ಇದ್ದರೆ ಒಳ್ಳೇದು ಅಂತಾರೆ.

ಹಳೇ_ದೋಣಿ:
ನೆಲದ ಮೇಲೆ ಏನೂ ಗೊತ್ತಾಗಲ್ಲ. ಸ್ಥಿರತೆಯಲ್ಲಿ ಎರಡು ಬಗೆ. ಸುಮ್ನೆ ಕೂತಾಗ ಅಲುಗಾಡದೆ ಇರುವುದು ಮೊದಲನೆಯದು. ದೋಣಿ ಒಂದು ಬದಿಗೆ ವಾಲಿದ ಮೇಲೂ ಮಗುಚದೆ ತಡೆಯುವುದು ಎರಡನೆಯದು. ಅಗಲವಾದ ಚಪ್ಪಟೆ ತಳಕ್ಕೆ ಮೊದಲನೆಯದು ಜಾಸ್ತಿ, ಹಾಗಾಗಿ ಹೊಸಬರಿಗೆ ಧೈರ್ಯ ಬರುತ್ತೆ. ಆದರೆ ಅದು ನೀರಿನ ಇಳಿಜಾರಿಗೆ ತಕ್ಕಂತೆ ವಾಲುತ್ತೆ. ಬದಿಯಿಂದ ಅಲೆ ಬಂದಾಗ ದೋಣಿಯೂ ಅಲೆಯ ಜೊತೆ ಓರೆಯಾಗುತ್ತೆ, ಒಂದು ಹಂತ ದಾಟಿದರೆ ದಿಢೀರನೆ ಮಗುಚುತ್ತೆ. ಸ್ವಲ್ಪ ಗುಂಡಗಿನ ಅಥವಾ ವಿ ಆಕಾರದ ತಳ ಕೂತ ಕೂಡಲೇ ಅಳುಕಿಸುತ್ತೆ, ಆದರೆ ಅಲೆಯಲ್ಲಿ ಅದೇ ಹದವಾಗಿ ನಡೆದುಕೊಳ್ಳುತ್ತೆ. ಕೆರೆಗೆ ಚಪ್ಪಟೆ ಸಾಕು. ಗಾಳದವರಿಗೆ ಮಧ್ಯೆ ತಗ್ಗು ಇದ್ದು ಎರಡೂ ಬದಿ ಉಬ್ಬಿದ ತಳ ಮಾಡ್ತಾರೆ, ನಿಲ್ಲೋಕೆ ಅದು ಒಳ್ಳೇದು.

ಸೀಟಿನ ಎತ್ತರವನ್ನು ಮರೀಬೇಡಿ. ಎತ್ತರದ ಸೀಟು ಬೆನ್ನಿಗೆ ಹಿತ, ನೀರೊಳಗೆ ಚೆನ್ನಾಗಿ ಕಾಣುತ್ತೆ. ಆದರೆ ಮೈಭಾರ ಮೇಲಕ್ಕೆ ಹೋದಷ್ಟೂ ದೋಣಿ ಅಗಲ ಬೇಡುತ್ತೆ, ಅಗಲ ಆದಷ್ಟೂ ತೂಕ ಏರುತ್ತೆ. ಗಾಳದ ಕಯಾಕ್‌ಗಳು ಇಷ್ಟು ಭಾರ ಆಗಿದ್ದಕ್ಕೆ ಇದೂ ಒಂದು ಕಾರಣ.

ಮೀನುಗಣ್ಣು:
ಕೆಪ್ಯಾಸಿಟಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 200 ಕೇಜಿ ಅಂತ ಬರೆದಿದ್ದರೆ 200 ಹಾಕಬೇಡಿ. ಅಷ್ಟು ಹಾಕಿದರೆ ಸ್ಕಪ್ಪರ್ ತೂತಿನಿಂದ ನೀರು ಮೇಲೆ ಬರುತ್ತೆ, ದೋಣಿ ತೇಲುವ ಬದಲು ನೀರನ್ನು ತಳ್ಳುತ್ತಾ ಹೋಗುತ್ತೆ. ಮೂರನೇ ಎರಡು ಪಾಲು, ಹೆಚ್ಚೆಂದರೆ ಮುಕ್ಕಾಲು ಪಾಲು ಇಟ್ಟುಕೊಳ್ಳುವುದು ರೂಢಿ. ಕೆಲವು ದೋಣಿಗಳಲ್ಲಿ ಸೀಟು, ಪೆಡಲ್‌ನ ತೂಕವೂ ಅದರಿಂದಲೇ ಕಳೆಯಬೇಕು.

ಮಕ್ಕಳಮ್ಮ:
ಸರಿಯಾಗಿ ಹೇಳಿದಿರಿ. ಇವರ ಲೆಕ್ಕವನ್ನೇ ಹಾಕೋಣ. ನಾಲ್ಕೂ ಜನ ಸೇರಿ 197 ಕೇಜಿ, ಸಾಮಾನು ಬೇರೆ. 200ರ ಟ್ಯಾಂಡೆಮ್‌ಗೆ (ಇಬ್ಬರು ಕೂರುವ ಕಯಾಕ್) 140 ಸುತ್ತಮುತ್ತ ನಿಲ್ಲಿಸಬೇಕು. ಅಪ್ಪ ಎರಡು ಮಕ್ಕಳು ಕೂತರೇ 137. ಅಂದರೆ ನಾಲ್ಕು ಜನ ಒಂದೇ ಕಯಾಕ್‌ನಲ್ಲಿ ಅನ್ನೋದನ್ನು ಇವತ್ತೇ ಬಿಟ್ಟುಬಿಡಿ. ಎರಡು ದೋಣಿ ಬೇಕೇ ಬೇಕು. ಎರಡಿದ್ದರೆ ಒಂದು ಮಗುಚಿದಾಗ ಇನ್ನೊಂದು ಹತ್ತಿರ ಇರುತ್ತೆ. ಪುಟ್ಟ ಮಕ್ಕಳನ್ನು ಕರ್ಕೊಂಡು ಒಂದೇ ದೋಣಿಯಲ್ಲಿ ದೂರ ಹೋಗೋದು ನನಗಂತೂ ಇಷ್ಟ ಇಲ್ಲ.

ಗಾಳಗಾರ:
ಅದಕ್ಕೇ ಹೇಳಿದ್ದು, ಅವರಿಗೊಂದು ಪೆಡಲ್, ಮನೆಯವರಿಗೊಂದು ಟ್ಯಾಂಡೆಮ್. ಮುಗೀತು.

ಮಕ್ಕಳಮ್ಮ:
ಅವರ ಸಣ್ಣ ಕಾರಿನ ಮೇಲೆ 55 ಕೇಜಿಯ ಪೆಡಲ್, 33 ಕೇಜಿಯ ಟ್ಯಾಂಡೆಮ್ ಎರಡೂ ಹೋಗುತ್ತಾ? ಅಮ್ಮ ಒಬ್ಬರೇ ಟ್ಯಾಂಡೆಮ್‌ನಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡು ಹುಟ್ಟು ಹಾಕಬೇಕು, ಅಪ್ಪ ಒಬ್ಬರೇ ಮೀನು ಹಿಡೀಬೇಕು. ಹಕ್ಕಿ ಯಾವಾಗ ನೋಡೋದು?

ಪುಟ್ಟ_ಹುಟ್ಟು:
👏👏 ಅಕ್ಕ ಸರಿಯಾಗಿ ಕೇಳಿದ್ರಿ

ನೀರಿನ_ನೆಂಟ:
ಹೆಂಡತಿ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಮಕ್ಕಳಮ್ಮ ಅವರಿಗೆ ವಿಶೇಷ ಧನ್ಯವಾದ ಹೇಳು ಅಂದಳು. ಟ್ಯಾಂಡೆಮ್‌ನಲ್ಲಿ ಒಬ್ಬನೇ ಹೋದರೆ ಹೇಗೆ? ಗಾಳಕ್ಕೂ ಅದನ್ನೇ ಬಳಸಬಹುದಾ?

ಅಲೆ_ಮೇಲೆ:
ಆಗುತ್ತೆ, ಆದರೆ ಮಧ್ಯದಲ್ಲಿ ಮೂರನೇ ಸೀಟಿನ ಜಾಗ ಇರುವುದನ್ನೇ ತಗೋಬೇಕು. ಒಬ್ಬರೇ ಹೋಗುವಾಗ ಹಿಂದಿನ ಸೀಟನ್ನು ಬಿಚ್ಚಿ ಮಧ್ಯಕ್ಕೆ ತರೋದು. ಹಿಂದೆಯೇ ಕೂತರೆ ಮೂತಿ ಮೇಲೆದ್ದು ಗಾಳಿ ಎತ್ತ ತಳ್ಳಿದರೆ ಅತ್ತ ತಿರುಗುತ್ತೆ. ಇಬ್ಬರು ದೊಡ್ಡವರು ಹೋಗುವಾಗ ಅದೇ ಮಧ್ಯದ ತಗ್ಗಿನಲ್ಲಿ ನಿಮ್ಮ ಮಗ ಕೂರಬಹುದು. ಇಂಥವು 12ರಿಂದ 13 ಅಡಿ, 34 ಇಂಚು ಅಗಲ, 30ರಿಂದ 35 ಕೇಜಿ ಇರುತ್ತವೆ.

ಇಬ್ಬರು ಹುಟ್ಟು ಹಾಕುವಾಗ ಜಗಳ ಬರೋದು ಸಹಜ, ಇಂಗ್ಲಿಷ್‌ನವರು ಟ್ಯಾಂಡೆಮ್‌ಗೆ "ಡಿವೋರ್ಸ್ ಬೋಟ್" ಅಂತ ಅಡ್ಡಹೆಸರು ಇಟ್ಟಿದ್ದಾರೆ. ಪರಿಹಾರ ಸುಲಭ. ಮುಂದೆ ಕೂತವರು ಲಯ ಹಿಡೀಬೇಕು, ಹಿಂದಿನವರು ಅದನ್ನೇ ಅನುಸರಿಸಿ ದಿಕ್ಕು ನೋಡ್ಕೋಬೇಕು. ಬಲ ಜಾಸ್ತಿ ಇರುವವರು ಹಿಂದೆ. ಮುಂದಿನವರಿಗೆ ಹಿಂದಿನವರ ಹುಟ್ಟು ಕಾಣಲ್ಲ, ಹಾಗಾಗಿ ಹೊಂದಿಕೊಳ್ಳುವ ಕೆಲಸ ಹಿಂದಿನವರದ್ದೇ.

ಗಾಳಗಾರ:
ನಿಂತು ಗಾಳ ಹಾಕೋಕೆ ಆಗಲ್ಲ ಅದರಲ್ಲಿ. ಅದನ್ನೂ ಹೇಳಿ.

ಮೀನುಗಣ್ಣು:
ನಿಲ್ಲಲೇಬೇಕು ಅಂತ ಯಾರು ಹೇಳಿದ್ದು? ನಾನು ಇಷ್ಟು ವರ್ಷ ಕೂತೇ ಹಿಡಿದಿದ್ದೇನೆ. ಆಳ ಕಡಿಮೆ ಇರುವ ತಿಳಿನೀರಲ್ಲಿ ಮೀನನ್ನು ಕಣ್ಣಲ್ಲಿ ನೋಡಿ ಎಸೆಯುವವರಿಗೆ ನಿಲ್ಲೋದು ಅನುಕೂಲ. ಉಳಿದವರಿಗೆ ಅದು ಇದ್ದರೆ ಒಳ್ಳೇದು ಅಷ್ಟೇ.

ಗಾಳಕ್ಕೆ ಟ್ಯಾಂಡೆಮ್ ಸಜ್ಜು ಮಾಡೋದು ಹೇಗೆ ಅಂತ ಹೇಳ್ತೀನಿ. ಮಧ್ಯದಲ್ಲಿ ಕೂತರೆ ಹಿಂದೆ ಬೇಕಾದಷ್ಟು ಜಾಗ. ಒಂದು ಪ್ಲಾಸ್ಟಿಕ್ ಕ್ರೇಟ್ ಇಟ್ಟು ಬೆಲ್ಟ್ ಬಿಗೀರಿ, ಅದಕ್ಕೇ ಎರಡು ಪೈಪು ಕಟ್ಟಿದರೆ ರಾಡ್ ನಿಲ್ಲುತ್ತೆ. ಮುಂದೆ ಒಂದು ರಾಡ್ ಹೋಲ್ಡರ್ ಸಾಕು, ಹುಟ್ಟಿಗೆ ತಾಗದ ಜಾಗದಲ್ಲಿ. ಹಲ್‌ಗೆ ತೂತು ಕೊರೆಯುವ ಮೊದಲು ನೀರಲ್ಲಿ ಕೂತು ಕೈ ಎಲ್ಲಿಗೆ ಆರಾಮಾಗಿ ತಲುಪುತ್ತೆ ಅಂತ ಗುರುತು ಹಾಕಿಕೊಳ್ಳಿ. ರಾಡ್, ಹುಟ್ಟು, ಇಕ್ಕಳ ಎಲ್ಲಕ್ಕೂ ದಾರ ಕಟ್ಟಿ. ಫಿಶ್ ಫೈಂಡರ್ ಮೊದಲ ವರ್ಷ ಬೇಡವೇ ಬೇಡ.

ಲಂಗರಿನ ವಿಷಯ ದಯವಿಟ್ಟು ಗಮನ ಕೊಟ್ಟು ಓದಿ. ಹರಿಯುವ ನೀರಲ್ಲಿ ಬದಿಯಿಂದ ಲಂಗರು ಕಟ್ಟಬೇಡಿ. ಸೆಳೆತ ದೋಣಿಯನ್ನು ಅಡ್ಡ ತಿರುಗಿಸಿ ಆ ಬದಿಯನ್ನು ಕೆಳಗೆ ಎಳೆಯುತ್ತೆ, ಕ್ಷಣದಲ್ಲಿ ಮಗುಚುತ್ತೆ. ಹಗ್ಗ ಮೂತಿಯಿಂದ ಅಥವಾ ಹಿಂದಿನ ತುದಿಯಿಂದಲೇ ಹೋಗಬೇಕು. ಅದಕ್ಕಾಗಿಯೇ ದೋಣಿಯ ಬದಿ ಉದ್ದಕ್ಕೂ ಓಡುವ ಆಂಕರ್ ಟ್ರಾಲಿ ಅಂತ ಹಗ್ಗ ಮತ್ತು ರಾಟೆಯ ವ್ಯವಸ್ಥೆ ಇದೆ. ಕೈ ಎಟುಕುವಲ್ಲಿ ಚಾಕು ಇರಲಿ, ಹಗ್ಗ ಕೂಡಲೇ ಬಿಡಿಸುವ ಕೊಂಡಿ ಇರಲಿ. ಸೆಳೆತ ಜೋರಾಗಿದ್ದರೆ ಲಂಗರೇ ಹಾಕಬೇಡಿ.

ಹೊಸಬ_ನಾನು:
ಗಾಳಿ ತುಂಬಿಸುವ ಕಯಾಕ್ ಹೇಗೆ? ಡಿಕ್ಕಿಯಲ್ಲೇ ಹಿಡಿಯುತ್ತೆ, ಎತ್ತುವ ತಲೆನೋವೂ ಇಲ್ಲ. ನಾನಿರುವುದು ಮೂರನೇ ಮಹಡಿ.

ಗಾಳಿ_ಎದುರು:
ಮೂರನೇ ಮಹಡಿ ಅಂದರೆ ಅದೇ ಸರಿ. ಆದರೆ ಎಲ್ಲಾ ಒಂದೇ ಅಲ್ಲ. ಬರೀ ಪಿವಿಸಿ ಕೊಳವೆಗಳದ್ದು ಅಗ್ಗ, ಹಗುರ, ಆದರೆ ತಳ ಮೆತ್ತಗೆ. ನೀವು ಕೂತ ಕಡೆ ತಗ್ಗಾಗುತ್ತೆ, ದೋಣಿ ಹಗುರ ಇರುವುದರಿಂದ ಗಾಳಿ ಬಂದರೆ ಗಾಳಿಪಟದ ಹಾಗೆ ಹೊರಡುತ್ತೆ. ಡ್ರಾಪ್ ಸ್ಟಿಚ್ ತಳ ಇರುವುದು ನೋಡಿ. ಒಳಗೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಸಾವಿರಾರು ದಾರ ಹೊಲಿದಿರ್ತಾರೆ, ಜಾಸ್ತಿ ಒತ್ತಡಕ್ಕೆ ಗಾಳಿ ತುಂಬಿದಾಗ ಹಲಗೆಯಷ್ಟೇ ಗಟ್ಟಿ ನಿಲ್ಲುತ್ತೆ. ಕೆಳಗೆ ಕಚ್ಚಿಸುವ ಸ್ಕೆಗ್ ರೆಕ್ಕೆಯನ್ನು ಮರೆತು ಹೋದರೆ ನೇರ ಹೋಗುವುದೇ ಇಲ್ಲ.

ಎರಡು ಎಚ್ಚರಿಕೆ. ಬಿಸಿಲಲ್ಲಿ ದಡದ ಮೇಲೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡಬಹುದು. ಸ್ವಲ್ಪ ಗಾಳಿ ಬಿಟ್ಟು ನೆರಳಿಗೆ ಎಳೀರಿ. ಮನೆಗೆ ಬಂದ ಮೇಲೆ ಪೂರ್ತಿ ಒಣಗಿಸಿಯೇ ಮಡಚಿ, ಇಲ್ಲದಿದ್ದರೆ ಬೂಷ್ಟು. ಮೂರನೇ ಮಹಡಿಯಲ್ಲಿ ಒಣಗಿಸುವ ಜಾಗ ಇದೆಯಾ ಅಂತ ಮೊದಲೇ ನೋಡ್ಕೊಳ್ಳಿ.

ಹಳೇ_ದೋಣಿ:
ಮಡಿಸುವ ಕಯಾಕ್ ಅಂತಲೂ ಇದೆ, ಅದು ಹೊಸ ಐಡಿಯಾ ಏನಲ್ಲ. 1905ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಹಾಯ್‌ರಿಷ್ ಎಂಬ ವಿದ್ಯಾರ್ಥಿ ಕೋಲು ಮತ್ತು ಬಟ್ಟೆಯಲ್ಲಿ ಬಿಚ್ಚಿ ಜೋಡಿಸುವ ಕಯಾಕ್ ಮಾಡಿದ. ಯೊಹಾನ್ ಕ್ಲೆಪರ್ ಅನ್ನುವ ದರ್ಜಿ ಅದರ ಹಕ್ಕು ಕೊಂಡು ತಯಾರಿಸೋಕೆ ಶುರು ಮಾಡಿದ. ರೈಲಿನಲ್ಲಿ ಹೊತ್ತುಕೊಂಡು ಹೋಗಿ ನದಿ ದಡದಲ್ಲಿ ಜೋಡಿಸಬಹುದಿತ್ತು, ಅದಕ್ಕೇ ಜನ ಮೆಚ್ಚಿದ್ದು. 1956ರಲ್ಲಿ ಹಾನೆಸ್ ಲಿಂಡೆಮನ್ ಅನ್ನುವ ವೈದ್ಯ ಅಂಥದ್ದೇ 17 ಅಡಿಯ ಕ್ಲೆಪರ್‌ನಲ್ಲಿ ಒಬ್ಬನೇ ಅಟ್ಲಾಂಟಿಕ್ ದಾಟಿದ. 72 ದಿನ ಹಿಡಿಯಿತು.

ಪುಟ್ಟ_ಹುಟ್ಟು:
72 ದಿನ ಕೂತೇ!! ನನಗೆ ಎರಡು ಗಂಟೆಗೇ ಕಾಲು ಜೋಮು ಹಿಡಿಯುತ್ತೆ.

ಹಳೇ_ದೋಣಿ:
ಕಾಲು ಜೋಮು ಹಿಡಿಯುತ್ತಿದ್ದರೆ ಪಾದ ಒತ್ತುವ ಪೆಗ್ ನಿಮಗೆ ದೂರ ಅಥವಾ ಹತ್ತಿರ ಆಗಿದೆ. ಮಂಡಿ ಸ್ವಲ್ಪ ಮಡಚಿ, ಪಾದದ ಮುಂಭಾಗ ಪೆಗ್‌ಗೆ ಆನಿಸಿ ಕೂತಾಗ ಸೊಂಟ ಹಿಂಬದಿಗೆ ತಾಗಿರಬೇಕು. ಸೀಟಿನ ಅಂಚು ತೊಡೆಯನ್ನು ಒತ್ತುತ್ತಿದೆಯಾ ಅಂತಲೂ ನೋಡಿ. ಮೈಗೆ ಹೊಂದುವುದು ಕಯಾಕ್‌ನ ಮೂಲ ಗುಣ. ಇನುಯಿಟ್ ಜನ ಬೇಟೆಗೆ ಕಟ್ಟುತ್ತಿದ್ದ ಕಯಾಕ್‌ಗಳಲ್ಲಿ ಅಳತೆಪಟ್ಟಿ ಇರಲಿಲ್ಲ, ಹತ್ತುವವನ ಮಾರು, ಸೊಂಟದ ಅಗಲ, ಮುಷ್ಟಿ ಇವೇ ಅಳತೆ. ಈಗ ಅಚ್ಚಿನಲ್ಲಿ ಎರೆದದ್ದನ್ನು ಕೊಳ್ಳುತ್ತೇವೆ, ಹಾಗಾಗಿ ಕೂತು ನೋಡದೆ ಕೊಳ್ಳಬೇಡಿ ಅಂತ ಎಲ್ಲರಿಗೂ ಬೇಡಿಕೊಳ್ಳೋದು. ಅಂಗಡಿಯ ನೆಲದ ಮೇಲಾದರೂ ಅರ್ಧ ಗಂಟೆ ಕೂರಿ. ನೀರಲ್ಲಿ ಪರೀಕ್ಷೆಗೆ ಕೊಡುವವರಿದ್ದರೆ ಅವರ ಹತ್ತಿರವೇ ತಗೊಳ್ಳಿ.

ಬಾಲ_ಆಡಿಸುವವ:
ನಾಯಿ ಕರ್ಕೊಂಡು ಹೋಗಬಹುದಾ? 18 ಕೇಜಿ.

ಅಲೆ_ಮೇಲೆ:
ಸಿಟ್ ಆನ್ ಟಾಪ್‌ನಲ್ಲಿ ಧಾರಾಳವಾಗಿ. ನಾಯಿಗೂ ಲೈಫ್ ಜಾಕೆಟ್ ಹಾಕಿ, ಮೇಲೆ ಹಿಡಿ ಇರುವಂಥದ್ದು. ಕಾಲು ಜಾರದ ಹಾಗೆ ಒಂದು ಚಾಪೆ ಹಾಸಿ. ಯಾವ ಕಾರಣಕ್ಕೂ ದೋಣಿಗೆ ಕಟ್ಟಿಹಾಕಬೇಡಿ.

ಮಕ್ಕಳಮ್ಮ:
ಜಾಕೆಟ್ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ದೋಣಿಗೆ ತಲೆ ಕೆಡಿಸಿಕೊಂಡವರು ಜಾಕೆಟ್ ಹೊತ್ತಿಗೆ ಸಿಕ್ಕಿದ್ದು ತಗೋತಾರೆ. ಐಎಸ್ಒ 12402 ಗುಣಮಟ್ಟದಲ್ಲಿ ತೇಲಿಸುವ ಬಲಕ್ಕೆ ತಕ್ಕಂತೆ 50, 100, 150 ಅಂತ ಮಟ್ಟಗಳಿವೆ. 50 ಈಜು ಬರುವವರಿಗೆ, ಸಹಾಯ ಹತ್ತಿರ ಇರುವ ಕಡೆಗೆ. ಹುಟ್ಟು ಹಾಕೋಕೆ ತೋಳು ಸಲೀಸು, ಅದಕ್ಕೇ ಕಯಾಕ್‌ನವರು ಬಳಸೋದು ಅದು. ಆದರೆ ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುತ್ತೆ ಅಂತ ನಂಬಬೇಡಿ. ಈಜು ಬಾರದ ಮಗುವಿಗೆ 100 ಅಥವಾ ಅದಕ್ಕಿಂತ ಮೇಲಿನದ್ದು, ಕತ್ತಿನ ಹಿಂದೆ ಕಾಲರ್ ಇರುವಂಥದ್ದು ಬೇಕು. ಮಗುವಿನ ತೂಕಕ್ಕೆ ಸರಿಯಾಗಿಯೇ ಕೊಳ್ಳಿ, "ಬೆಳೀತಾನೆ" ಅಂತ ದೊಡ್ಡದು ತರಬೇಡಿ. ಕಾಲ ಸಂದಿಯ ಬೆಲ್ಟ್ ಹಾಕಲೇಬೇಕು. ಹಾಕಿದ ಮೇಲೆ ಎರಡೂ ಭುಜದ ಕಡೆ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಕಿವಿಯವರೆಗೆ ಜಾರಿದರೆ ಅದು ಸಡಿಲ.

ದೊಡ್ಡವರೂ ಹಾಕಿಕೊಂಡೇ ಕೂರಬೇಕು. ಕ್ರೇಟಿನಲ್ಲಿ ಇಟ್ಟ ಜಾಕೆಟ್ ಕ್ರೇಟನ್ನು ತೇಲಿಸುತ್ತೆ, ನಿಮ್ಮನ್ನಲ್ಲ.

ಗಾಳಿ_ಎದುರು:
ತಣ್ಣೀರಿಗೆ ಇನ್ನೊಂದು ಮಾತು ಸೇರಿಸ್ತೀನಿ. 1-10-1 ಅಂತ ಕಲಿಸ್ತಾರೆ. ತುಂಬಾ ತಣ್ಣಗಿನ ನೀರಿಗೆ ಬಿದ್ದ ಮೊದಲ 1 ನಿಮಿಷ ಉಸಿರು ಹತೋಟಿಗೆ ತರೋದೇ ಕೆಲಸ. ಆಮೇಲೆ ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ. ಪ್ರಜ್ಞೆ ತಪ್ಪುವ ಮೊದಲು ಸುಮಾರು 1 ಗಂಟೆ. ಹತ್ತೋಕೆ ಸುಲಭವಾದ ದೋಣಿ ಅಂತ ಅಲೆ ಮೇಲೆ ಅವರು ವಾದಿಸಿದ್ದು ಈ 10 ನಿಮಿಷದ ದೃಷ್ಟಿಯಿಂದ ನನಗೂ ಒಪ್ಪಿಗೆ. ಬಟ್ಟೆ ಮಾತ್ರ ಹೊರಗಿನ ಬಿಸಿಲು ನೋಡಿ ಅಲ್ಲ, ನೀರಿನ ತಂಪು ನೋಡಿ ಹಾಕಿಕೊಳ್ಳಿ.

ಮೀನುಗಣ್ಣು:
ಸೆಕೆಂಡ್ ಹ್ಯಾಂಡ್ ಯಾಕೆ ಯಾರೂ ಹೇಳ್ತಿಲ್ಲ? ರೋಟೋ ಅಚ್ಚಿನ ಪಾಲಿಎಥಿಲೀನ್ (ಪ್ಲಾಸ್ಟಿಕ್) ಕಯಾಕ್ ಹತ್ತಾರು ವರ್ಷ ಬಾಳುತ್ತೆ. ಗೀಚು ಬಿದ್ದಿದ್ದರೆ ಚಿಂತೆ ಇಲ್ಲ. ನೋಡಬೇಕಾದದ್ದು ಬೇರೆ. ಹಿಂದಿನ ತುದಿಯ ತಳ ನೆಲಕ್ಕೆ ಎಳೆದು ಎಳೆದು ತೆಳ್ಳಗಾಗಿದೆಯಾ, ಸ್ಕಪ್ಪರ್ ತೂತಿನ ಸುತ್ತ ಕೂದಲೆಳೆಯ ಬಿರುಕಿದೆಯಾ, ಬಿಸಿಲಿಗೆ ಬಣ್ಣ ಮಾಸಿ ಪುಡಿ ಕೈಗೆ ಅಂಟುತ್ತಾ. ಸಿಟ್ ಆನ್ ಟಾಪ್ ಆದರೆ ನೀರಲ್ಲಿ ಸ್ವಲ್ಪ ಹೊತ್ತು ಓಡಿಸಿ, ಮೇಲೆ ತಂದು ಡ್ರೈನ್ ಪ್ಲಗ್ ಬಿಚ್ಚಿ. ಎಷ್ಟು ನೀರು ಬಂತು ಅನ್ನೋದರಲ್ಲೇ ಉತ್ತರ ಇದೆ. ತಳ ತಗ್ಗು ಬಿದ್ದಿದ್ದರೆ ಎಷ್ಟೋ ಸಲ ಬಿಸಿಲಿಗೆ ಇಟ್ಟು ಒಳಗಿನಿಂದ ಒತ್ತಿದರೆ ಸರಿಹೋಗುತ್ತೆ.

ಗಾಳಗಾರ:
ಇದು ಒಪ್ಪಿದೆ. ಪೆಡಲ್ ಕಯಾಕ್ ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಡ್ರೈವ್ ಬಿಚ್ಚಿ, ಕೈಯಲ್ಲಿ ತಿರುಗಿಸಿ, ಶಬ್ದ ಕೇಳಿ. ಬಿಡಿಭಾಗ ಈಗಲೂ ಸಿಗುತ್ತಾ ಅಂತ ವಿಚಾರಿಸಿ. ಉಪ್ಪುನೀರಲ್ಲಿ ಓಡಿದ್ದರೆ ಪ್ರತಿ ಸಲ ಸಿಹಿನೀರಲ್ಲಿ ತೊಳೆದಿದ್ದರಾ ಅಂತಲೂ ಕೇಳಿ.

ಹೊಸಬ_ನಾನು:
ಒಂದು ಸಣ್ಣ ಬ್ಯಾಟರಿ ಮೋಟಾರು ಹಾಕಿಬಿಟ್ರೆ ಪೆಡಲೂ ಬೇಡ ಹುಟ್ಟೂ ಬೇಡ ಅಲ್ವಾ?

ಹಳೇ_ದೋಣಿ:
ಹುಟ್ಟು ಬೇಕೇ ಬೇಕು, ಬ್ಯಾಟರಿ ಮುಗಿದ ಮೇಲೆ ದಡಕ್ಕೆ ಬರೋದು ಅದರಲ್ಲೇ. ಮೋಟಾರು ಹಾಕಿದ ಕೂಡಲೇ ಎಷ್ಟೋ ದೇಶಗಳಲ್ಲಿ ಅದು ನೋಂದಣಿ ಮಾಡಿಸಬೇಕಾದ ದೋಣಿ ಆಗುತ್ತೆ, ಕೆಲವು ಕೆರೆಗಳಲ್ಲಿ ಮೋಟಾರೇ ನಿಷೇಧ. ಬ್ಯಾಟರಿಯ ತೂಕವನ್ನೂ ಕೆಪ್ಯಾಸಿಟಿಯಿಂದ ಕಳೀರಿ.

ನೀರಿನ_ನೆಂಟ:
ಎಲ್ಲವನ್ನೂ ಇಬ್ಬರೂ ಕೂತು ಓದಿದೆವು. ಹೀಗೆ ಅಂದುಕೊಂಡಿದ್ದೇವೆ. ಮೂರು ಸೀಟಿನ ಜಾಗ ಇರುವ ಸಿಟ್ ಆನ್ ಟಾಪ್ ಟ್ಯಾಂಡೆಮ್ ಒಂದು, 13 ಅಡಿ ಒಳಗೆ, 35 ಕೇಜಿ ದಾಟಬಾರದು. ಅದರಲ್ಲಿ ನಾನು ಮತ್ತು ಮಕ್ಕಳು. ಒಬ್ಬನೇ ಹೋಗುವ ದಿನ ಮಧ್ಯದಲ್ಲಿ ಕೂತು ಗಾಳ. ಹೆಂಡತಿಗೆ 10 ಅಡಿಯ ಒಳಗೆ ಕೂರುವ ಹಗುರ ಕಯಾಕ್, ಎರಡೂ ಕಡೆ ಬಲ್ಕ್‌ಹೆಡ್ ಇರುವುದು, ಸೆಕೆಂಡ್ ಹ್ಯಾಂಡ್ ಸಿಕ್ಕರೆ ಸೆಕೆಂಡ್ ಹ್ಯಾಂಡ್. ಎರಡರ ತೂಕ ಸೇರಿದರೂ ಕಾರಿನ ಮಿತಿಯೊಳಗೆ ಬರುತ್ತೆ, ಕೈಪಿಡಿ ನೋಡಿದೆ. ಪೆಡಲ್ ಆಸೆ ಪೂರ್ತಿ ಹೋಗಿಲ್ಲ, ಮಗಳು ಸ್ವಂತ ಕಯಾಕ್ ಓಡಿಸುವ ವಯಸ್ಸಿಗೆ ನೋಡೋಣ.

ಗಾಳಗಾರ:
ಟ್ಯಾಂಡೆಮ್‌ನಲ್ಲಿ ಒಬ್ಬನೇ ಗಾಳಿ ಎದುರು ಬರುವ ದಿನ ಮತ್ತೆ ಮಾತಾಡೋಣ ಗುರು. ಆದರೂ ಮಕ್ಕಳ ಜೊತೆ ಹೋಗ್ತೀರಲ್ಲ, ಖುಷಿ. ಮಗಳ ಕೈಗೂ ಒಂದು ರಾಡ್ ಕೊಡಿ.

ಗಾಳಿ_ಎದುರು:
ಅದಕ್ಕೆ ಸುಲಭದ ಉಪಾಯ, ಹೋಗುವಾಗಲೇ ಗಾಳಿಗೆ ಎದುರಾಗಿ ಹೋಗಿ. ಸುಸ್ತಾದ ಮೇಲೆ ಗಾಳಿಯೇ ವಾಪಸ್ ತಳ್ಳುತ್ತೆ. ಸಮುದ್ರದ ದಡದಲ್ಲಿ ಮಾತ್ರ ನೆಲದಿಂದ ನೀರಿನ ಕಡೆ ಗಾಳಿ ಬೀಸುತ್ತಿದ್ದರೆ ಇಳಿಯಲೇಬೇಡಿ. ದಡದ ಹತ್ತಿರ ನೀರು ಶಾಂತವಾಗಿ ಕಾಣುತ್ತೆ, ಅದನ್ನು ನಂಬಿ ಹೊರಟವರನ್ನು ಅದು ಒಳಗೆ ಕೊಂಡೊಯ್ಯುತ್ತೆ.

ನೀರಿನ_ನೆಂಟ:
ಬರೆದಿಟ್ಟುಕೊಂಡೆ. ಕೊನೇ ಪ್ರಶ್ನೆ, ಹುಟ್ಟಿನ ಉದ್ದ ಎಷ್ಟಿರಬೇಕು? ನಾನು 5 ಅಡಿ 9 ಇಂಚು, ಅವಳು 5 ಅಡಿ 3.

ಹಳೇ_ದೋಣಿ:
34 ಇಂಚಿನ ಟ್ಯಾಂಡೆಮ್‌ಗೆ ನಿಮಗೆ 240 ಸೆಂ.ಮೀ. ಅವರ ದೋಣಿ 28, 29 ಇಂಚು ಇದ್ದರೆ 220 ಅಥವಾ 230. ದೋಣಿ ಅಗಲ ಆದಷ್ಟೂ ಹುಟ್ಟು ಉದ್ದ ಬೇಕು, ಇಲ್ಲದಿದ್ದರೆ ಬೆರಳು ಬದಿಗೆ ಬಡಿಯುತ್ತೆ. ದುಡ್ಡು ಎಲ್ಲಾದರೂ ಜಾಸ್ತಿ ಹಾಕುವುದಾದರೆ ಹುಟ್ಟಿಗೆ ಹಾಕಿ. ದಿನವಿಡೀ ಎತ್ತಿ ಇಳಿಸುವುದು ಅದನ್ನೇ. ಅಲ್ಯೂಮಿನಿಯಂಗಿಂತ ಫೈಬರ್‌ಗ್ಲಾಸ್ ದಂಡ ಹಗುರ, ತಣ್ಣಗೂ ಇರಲ್ಲ.

ಮಕ್ಕಳಮ್ಮ:
ಮಕ್ಕಳಿಗೆ ಮಕ್ಕಳದ್ದೇ ಹುಟ್ಟು ತನ್ನಿ, ದಂಡ ಸಣ್ಣ, ಎಲೆಯೂ ಸಣ್ಣ. ದೊಡ್ಡವರದ್ದು ಕೊಟ್ಟರೆ ಹತ್ತು ನಿಮಿಷಕ್ಕೆ ಕೈಬಿಡ್ತಾರೆ. ಮಗನಿಗೆ ಒಂದೇ ಎಲೆಯ ಪುಟ್ಟ ಹುಟ್ಟಾದರೂ ಸಾಕು, ಅದಕ್ಕೂ ದಾರ ಕಟ್ಟೋದು ಮರೀಬೇಡಿ.